ಹೊಣೆ ಒಪ್ಪಿಸುವುದೂ ಸೇವೆಯೇ



ಸೆಪ್ಟೆಂಬರ್ 5 ಕೊಲ್ಕತ್ತಾದ ಸಂತ ತೆರೇಸಾರ ಹಬ್ಬ. ಬಡವರಿಗೆ ಅವರು ಮಾಡಿದ ಸೇವೆಯನ್ನು ನಾವೆಲ್ಲ ಬಲ್ಲೆವು. ಆ ಸೇವೆಯ ಹೊಣೆ ಮತ್ತೊಬ್ಬರ ಕೈಗೆ ಹೇಗೆ ಹೋಯಿತು ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ವೃದ್ಧಾಶ್ರಮ, ಅನಾಥಾಲಯ, ವಿಶೇಷ ಮಕ್ಕಳ ಶಾಲೆ ನಡೆಸುವವರಿಗೂ ಅವುಗಳಿಗೆ ಕಾಣಿಕೆ ಕೊಡುವವರಿಗೂ ಅದರಲ್ಲಿ ಪಾಠವಿದೆ.

ಮಿಷನರೀಸ್ ಆಫ್ ಚಾರಿಟಿ ಸಭೆಗೆ ಧರ್ಮಸಭೆಯ ಮಾನ್ಯತೆ ದೊರೆತದ್ದು 1950ರ ಅಕ್ಟೋಬರ್ 7ರಂದು. 1990ರಲ್ಲಿ ಹೃದಯದ ಕಾಯಿಲೆಯಿಂದ ಬಳಲುತ್ತಿದ್ದ ಮದರ್, ಮುಖ್ಯಸ್ಥೆಯ ಹೊಣೆಯಿಂದ ಬಿಡುಗಡೆ ಬೇಡಿದರು. ಜಗದ್ಗುರು ಎರಡನೇ ಜಾನ್ ಪಾಲ್ ಒಪ್ಪಿದರು. ಆದರೆ ಆ ಸೆಪ್ಟೆಂಬರಿನಲ್ಲಿ ಸಭೆ ಸೇರಿದ ಭಗಿನಿಯರು ಪುನಃ ಅವರನ್ನೇ ಆರಿಸಿದರು. ತಾಯಿ ಇರುವಾಗ ಬೇರೊಬ್ಬರನ್ನು ಆರಿಸಲು ಯಾರ ಮನಸ್ಸು ಒಪ್ಪೀತು? ಪ್ರೀತಿ ಇದ್ದಲ್ಲಿ ಹೊಣೆ ಬದಲಿಸುವುದು ಹೆಚ್ಚು ಕಷ್ಟ.

ಕೊನೆಗೆ 1997ರ ಮಾರ್ಚ್ 13ರಂದು ಸಿಸ್ಟರ್ ನಿರ್ಮಲಾ ಆಯ್ಕೆಯಾದರು. ಆರು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 5ರಂದು, ಮದರ್ ದೈವಾಧೀನರಾದರು. ಸುಮಾರು 4,000 ಭಗಿನಿಯರ ಆ ಸಭೆ ದುಃಖದಲ್ಲಿ ಮುಳುಗಿತ್ತು, ಆದರೆ ನಾಯಕಿಯಿಲ್ಲದೆ ಉಳಿಯಲಿಲ್ಲ. ಮುಂದೆ 2009ರಲ್ಲಿ ಜರ್ಮನಿಯ ಸಿಸ್ಟರ್ ಪ್ರೇಮಾ, 2022ರಲ್ಲಿ ಕೇರಳದ ಸಿಸ್ಟರ್ ಜೋಸೆಫ್ ಅದೇ ಹೊಣೆ ಹೊತ್ತರು. ಅವಧಿ ಮುಗಿದಾಗ ಪ್ರತಿನಿಧಿಗಳು ಸೇರಿ ಆರಿಸಬೇಕೆಂಬ ನಿಯಮ ಮೊದಲೇ ಇದ್ದುದರಿಂದ ಇದು ಸಾಧ್ಯವಾಯಿತು.

ನಮ್ಮ ಊರುಗಳ ಅನೇಕ ಸೇವಾಸಂಸ್ಥೆಗಳಿಗೆ ಇಂಥ ವ್ಯವಸ್ಥೆ ಇಲ್ಲ. ಸ್ಥಾಪಕರೇ ಲೆಕ್ಕ ಬರೆಯುತ್ತಾರೆ, ದಾನಿಗಳ ಪರಿಚಯವೂ ಅವರಿಗೇ, ಚೆಕ್ಕಿಗೆ ಸಹಿಯೂ ಅವರದೇ. ಅವರು ಹಾಸಿಗೆ ಹಿಡಿದರೆ ಆ ತಿಂಗಳ ಅಕ್ಕಿ-ಬೇಳೆಗೂ, ಸಿಬ್ಬಂದಿಯ ಸಂಬಳಕ್ಕೂ ತೊಂದರೆ. ಕಷ್ಟ ಅನುಭವಿಸುವವರು ಆಶ್ರಮದ ಅಜ್ಜ-ಅಜ್ಜಿಯರು ಮತ್ತು ಮಕ್ಕಳು.

ಆದ್ದರಿಂದ ಅಧ್ಯಕ್ಷರಿಗೂ ನಿರ್ದೇಶಕರಿಗೂ ಅವಧಿ ಗೊತ್ತುಮಾಡಿ, ನಿಯಮಾವಳಿಯಲ್ಲಿ ಬರೆದಿಡಬೇಕು. ಲೆಕ್ಕಪತ್ರ, ಆಸ್ತಿಯ ದಾಖಲೆ, ದಾನಿಗಳ ಪಟ್ಟಿ ಎರಡನೆಯವರಿಗೂ ತಿಳಿದಿರಬೇಕು. ಬ್ಯಾಂಕ್ ಖಾತೆಗೆ ಜಂಟಿ ಸಹಿ ಇರಬೇಕು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ ಪದಾಧಿಕಾರಿಗಳ ಬದಲಾವಣೆಯನ್ನು ಕೇಂದ್ರ ಗೃಹ ಸಚಿವಾಲಯಕ್ಕೂ ತಿಳಿಸಬೇಕು.

ಇದಕ್ಕೆಲ್ಲ ಹಣವೂ ಬೇಕು. ಧರ್ಮಭಗಿನಿಯರು ಸಾಮಾನ್ಯವಾಗಿ ತಮಗಾಗಿ ಸಂಬಳ ಇಟ್ಟುಕೊಳ್ಳುವುದಿಲ್ಲ. ಶ್ರೀಸಾಮಾನ್ಯರು ನಡೆಸುವ ಸಂಸ್ಥೆಯಲ್ಲಿ ನಿರ್ದೇಶಕರಿಗೆ ಸಂಬಳ ಕೊಡಬೇಕಾಗುತ್ತದೆ. ಹಳೆಯವರೂ ಹೊಸಬರೂ ಎರಡು ತಿಂಗಳು ಜೊತೆಯಾಗಿ ದುಡಿಯಲಿ ಎಂದುಕೊಳ್ಳಿ. ತಿಂಗಳಿಗೆ 25,000 ರೂಪಾಯಿಯಂತೆ ಹೆಚ್ಚುವರಿ ಸಂಬಳವೇ 50,000 ಆಗುತ್ತದೆ. ಲೆಕ್ಕ ತಪಾಸಣೆಗೆ 30,000, ತರಬೇತಿಗೆ 20,000 ಎಂದಿಟ್ಟರೆ ಒಟ್ಟು 1 ಲಕ್ಷ. ಒಮ್ಮೆಲೇ ಇದು ಭಾರ. ವರ್ಷಕ್ಕೆ 20,000ದಂತೆ ತೆಗೆದಿಟ್ಟರೆ 5 ವರ್ಷಗಳಲ್ಲಿ ಕೂಡುತ್ತದೆ. ನಿವೃತ್ತರಾಗುವವರ ಭವಿಷ್ಯನಿಧಿಯನ್ನೂ ಮರೆಯಬಾರದು. ನಾಳೆಯ ಊಟಕ್ಕೆ ದಾರಿ ಕಾಣದವರಿಗೆ ಕುರ್ಚಿ ಬಿಡಿ ಎನ್ನುವುದು ನ್ಯಾಯವಲ್ಲ.

ಕೆಲವರು ಕೇಳಬಹುದು: ದಾನದ ಹಣ ಬಡವರ ಊಟಕ್ಕಲ್ಲವೇ, ಇದಕ್ಕೇಕೆ? ನಾಳೆಯೂ ಆ ಊಟ ಸಿಗಬೇಕೆಂದೇ ಇದು. ಬಿತ್ತನೆಯ ಬೀಜವನ್ನು ರೈತ ಹಸಿವಿನಲ್ಲೂ ತೆಗೆದಿಡುತ್ತಾನಲ್ಲವೇ?

ಸಂಖ್ಯಾಕಾಂಡದ 27ನೇ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಮೋಶೆ ತಾವು ಬದುಕಿರುವಾಗಲೇ ಯೆಹೋಶುವನನ್ನು ಜನರೆಲ್ಲರ ಮುಂದೆ ನಿಲ್ಲಿಸಿ, ಅವನ ಮೇಲೆ ಕೈಯಿಟ್ಟು, ತಮ್ಮ ಅಧಿಕಾರದಲ್ಲಿ ಪಾಲು ಕೊಟ್ಟರು. ವಾಗ್ದತ್ತ ನಾಡನ್ನು ಅವರು ಸೇರಲಿಲ್ಲ, ಜನ ಸೇರಿದರು.

ನೀವು ಸದಸ್ಯರಾಗಿರುವ ಸಂಸ್ಥೆಯ ಮುಂದಿನ ವಾರ್ಷಿಕ ಸಭೆಯಲ್ಲಿ ವಿನಯದಿಂದ ಎರಡು ಪ್ರಶ್ನೆ ಕೇಳಿರಿ: ಇವರ ನಂತರ ಯಾರು? ಅದಕ್ಕಾಗಿ ಎಷ್ಟು ತೆಗೆದಿಟ್ಟಿದ್ದೇವೆ?

ಸಂತ ತೆರೇಸಾರೇ, ನಮಗಾಗಿ ಪ್ರಾರ್ಥಿಸಿರಿ.