ನಮ್ಮ ಲೋಕಲ್ ಹಳಿಯ ಪಕ್ಕದಲ್ಲೇ ರವಿವರ್ಮ!

ಡೊಂಬಿವಲಿಯಿಂದ ದಾದರಿಗೆ ಇಪ್ಪತ್ತೆರಡು ವರ್ಷ ಫಾಸ್ಟ್ ಲೋಕಲಿನಲ್ಲಿ ನೇತಾಡಿಕೊಂಡು ಹೋಗಿಬಂದವನು ನಾನು. ಘಾಟ್ಕೋಪರ್ ಅಂದರೆ ನನಗೆ ಮೆಟ್ರೋ ಹಿಡಿಯುವವರು ಕಾಲು ತುಳಿದುಕೊಂಡು ಇಳಿಯುವ ಸ್ಟೇಷನ್, ಅಷ್ಟೇ. ಅಲ್ಲಿ ಚಿತ್ರಕಾರ ರಾಜಾ ರವಿವರ್ಮನ ದೇವರಪಟ ಅಚ್ಚುಹಾಕುವ ಪ್ರೆಸ್ಸು ನಡೆದಿತ್ತು ಎಂದು ಓದಿದ ರಾತ್ರಿ ನಿದ್ದೆಯೇ ಬರಲಿಲ್ಲ!

ಊರಿನ ದೇವರಕೋಣೆಯಲ್ಲಿ ಅಜ್ಜಿ ದಿನಾ ಕುಂಕುಮ ಹಚ್ಚುತ್ತಿದ್ದ ಲಕ್ಷ್ಮಿ, ಅದೇ, ತಾವರೆಯ ಮೇಲೆ ನಿಂತವಳು, ಪಕ್ಕದಲ್ಲಿ ಹಾರ ಹಿಡಿದ ಆನೆ. ಅವಳ ತವರು ನಾನು ದಿನಾ ದಾಟುವ ಹಳಿಯ ಆಸುಪಾಸು! ಇನ್ನೂ ಕೇಳಿ: 1920ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಆಗುವವರೆಗೆ ಘಾಟ್ಕೋಪರ್ ಇದ್ದ ಸಾಷ್ಟಿ ತಾಲೂಕು ಠಾಣೆ ಜಿಲ್ಲೆಯದ್ದೇ. ಅಂದರೆ ಲಕ್ಷ್ಮಿ ನಮ್ಮ ಠಾಣೆಯವಳು. (ಮುಂಬಯಿಯವರು ಜಗಳಕ್ಕೆ ಬಂದರೆ ಬರಲಿ.)

ಪ್ರೆಸ್ಸು ಶುರುವಾದದ್ದು 1894ರಲ್ಲಿ. ಅಚ್ಚಿಗೆ ಬಣ್ಣಕ್ಕೊಂದು ಕಲ್ಲು: ನಯವಾಗಿ ತಿಕ್ಕಿದ ಸುಣ್ಣಕಲ್ಲಿನ ಹಲಗೆ, ಅದರ ಮೇಲೆ ಎಡಬಲ ತಿರುಗಿಸಿ ಬರೆದ ಚಿತ್ರ. ಒಂದೇ ಕಾಗದವನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ ಒತ್ತಬೇಕು; ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಬಂತು! ಅಜ್ಜಿಯ ಪಟಕ್ಕೆ ಭೂತಗನ್ನಡಿ ಹಿಡಿದು ನೋಡಿದೆ. ಕೆನ್ನೆಯ ನುಣುಪು ಪೂರ್ತಿ ಚುಕ್ಕಿ, ಚುಕ್ಕಿ, ಚುಕ್ಕಿ. ಸೀರೆಯಂಚಿಗೆ ಯಾರೋ ಸೂಜಿಯಲ್ಲಿ ಪೋಣಿಸಿದ ಜರಿಮಿಂಚು ಬೇರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ತೈಲಚಿತ್ರಗಳ ಮುಂದೆ ಕೈಕಟ್ಟಿ ನಿಂತಿದ್ದೇನೆ. ಆದರೆ ಹೀಗೆ ಮೈ ಜುಮ್ಮೆಂದದ್ದು ಈ ಅಗ್ಗದ ಕಾಗದದ ಮುಂದೆಯೇ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿಯಿತು. ಆ ದಶಕ ಮುಗಿಯುವಷ್ಟರಲ್ಲಿ ಪ್ರೆಸ್ಸು ಲೋನಾವಳಾ ದಾಟಿದ ಕೂಡಲೇ ಸಿಗುವ ಮಳವಲಿಗೆ ಹೋಯಿತು. ಘಾಟ್ಕೋಪರ್, ಠಾಣೆ, ಡೊಂಬಿವಲಿ, ಕಲ್ಯಾಣ, ಘಾಟಿ ಹತ್ತಿ ಮಳವಲಿ: ಎಲ್ಲ ಒಂದೇ ರೈಲುಮಾರ್ಗ! ಸಾಲ ಏರಿ, ರವಿವರ್ಮ ಪ್ರೆಸ್ಸನ್ನು ತನ್ನಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಶ್ಲೈಷರ್‌ಗೆ ಮಾರಿಬಿಟ್ಟ. ಮುಂದೆ 'ರಾಜಾ ಹರಿಶ್ಚಂದ್ರ' ಸಿನಿಮಾ ತೆಗೆದ ಫಾಲ್ಕೆಯೂ ಈ ಪ್ರೆಸ್ಸಿನಲ್ಲಿ ಕೆಲಸ ಮಾಡಿದವನೇ.

ಒಂದು ಭಾನುವಾರ ಮಳವಲಿ ನೋಡಲೆಂದು ಕಲ್ಯಾಣದಲ್ಲಿ ಪುಣೆ ಗಾಡಿ ಹತ್ತಿದೆ. ಲೋನಾವಳಾದಲ್ಲಿ ಇಳಿದು ಲೋಕಲ್, ಒಂದೇ ಸ್ಟೇಷನ್. ಪ್ರೆಸ್ಸು 1972ರ ಬೆಂಕಿಗೆ ಹೋಗಿದೆ ಎಂದು ಗೊತ್ತಿದ್ದೇ ಹೋಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಇಳಿದವರೆಲ್ಲ ಬ್ಯಾಗು ಹೊತ್ತು ಲೋಹಗಡ ಕೋಟೆಯ ದಾರಿ ಹಿಡಿದರು. ನಾನೊಬ್ಬ ಹಳಿಯನ್ನೇ ನೋಡುತ್ತ ನಿಂತೆ.

ನಿಮ್ಮ ಮನೆಯಲ್ಲೂ ಹಳೆಯ ಲಕ್ಷ್ಮಿಯೋ ಸರಸ್ವತಿಯೋ ಇದ್ದರೆ ಚೌಕಟ್ಟು ಮೆಲ್ಲನೆ ಬಿಚ್ಚಿ ಪಟದ ಕೆಳಗಿನ ಅಂಚು ನೋಡಿ. ಸಣ್ಣಕ್ಷರದಲ್ಲಿ ಕಾರ್ಲಾ–ಲೋನಾವಳಾ ಎಂದಿದ್ದರೆ ಅದು ಮಳವಲಿಯದು. ಮುಂಬಯಿ ಎಂದಿದ್ದರೆ ದಯವಿಟ್ಟು ನನಗೊಮ್ಮೆ ತೋರಿಸಿ.