ಸಕ್ಕರೆಗೆ ಸೊನ್ನೆ ರೂಪಾಯಿ

ನಮ್ಮ ಅಬ್ಬ ಶ್ರೀರಂಗಪಟ್ಟಣದಲ್ಲಿ ಟೀ ಅಂಗಡಿ ಇಟ್ಟಿದ್ದಾರೆ. ಸಕ್ಕರೆ ಟೀ ಜೊತೆ ಬೆಲ್ಲದ ಟೀಯೂ ಸಿಗುತ್ತದೆ. ಬೆಲ್ಲ, ಸಕ್ಕರೆ ಎರಡನ್ನೂ ಪಾಂಡವಪುರದ ಕಡೆಯ ವ್ಯಾಪಾರಿಯೊಬ್ಬರು ಹಲವು ವರ್ಷಗಳಿಂದ ಉದ್ರಿಯಲ್ಲಿ ಕೊಡುತ್ತಿದ್ದಾರೆ. ತಿಂಗಳ ಕೊನೆಗೆ ಲೆಕ್ಕ ಚುಕ್ತಾ. ಹೋದ ತಿಂಗಳು ಅವರಲ್ಲಿಗೆ ಹೊಸ ಹುಡುಗ ಬಂದ. ಅವನು ಚೀಟಿಯಲ್ಲಿ ದರ ಬರೆಯದೆ ತೂಕ ಮತ್ತು ಒಟ್ಟು ಮೊತ್ತ ಮಾತ್ರ ಬರೆದ. ಮೊದಲ ಚೀಟಿ: ಬೆಲ್ಲ 10 ಕೆಜಿ, ಸಕ್ಕರೆ 10 ಕೆಜಿ, 900 ರೂಪಾಯಿ. ಎರಡನೆಯದು: ಬೆಲ್ಲ 21 ಕೆಜಿ, ಸಕ್ಕರೆ 20 ಕೆಜಿ, 1,890 ರೂಪಾಯಿ.

ಬೆಲ್ಲದ ಟೀಯಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡಲು ಅಬ್ಬನಿಗೆ ದರ ಬೇಕಿತ್ತು. ನಾನು ಬೇಸಿಕ್ ಮ್ಯಾಥ್ಸ್ ಓದುವವನು. ಎರಡು ಸಮೀಕರಣ, ಎರಡು ಅಜ್ಞಾತ, ಕ್ರೇಮರ್ ನಿಯಮ ಹಾಕಿದೆ. ಬೆಲ್ಲ ಕೆಜಿಗೆ 90 ರೂಪಾಯಿ, ಸಕ್ಕರೆ ಕೆಜಿಗೆ 0 ರೂಪಾಯಿ ಬಂತು. ಮತ್ತೆ ಮಾಡಿದರೂ ಅದೇ. ಗಿರಾಕಿಗಳ ಎದುರಿಗೇ ಹೇಳಿಬಿಟ್ಟೆ: "ಅಬ್ಬ, ಬೆಲ್ಲದಲ್ಲಿ ನಮಗೆ ಮೋಸ ಮಾಡಿದ್ದಾರೆ." ಅಬ್ಬ ಲೋಟ ತೊಳೆಯುತ್ತಲೇ ಕೇಳಿದರು: "ಹಾಗಾದರೆ ಸಕ್ಕರೆ ಮುಫ್ತಾ?"

ಲೆಕ್ಕದ ಹೆಜ್ಜೆಗಳಲ್ಲಿ ತಪ್ಪಿರಲಿಲ್ಲ. ಮೊದಲ ಚೀಟಿ 900ರ ಬದಲು 920 ಎಂದುಕೊಂಡು ಬಿಡಿಸಿ ನೋಡಿ. ಬೆಲ್ಲ 50, ಸಕ್ಕರೆ 42 ಬರುತ್ತದೆ. ಮೊತ್ತದಲ್ಲಿ 20 ರೂಪಾಯಿ ಆಚೀಚೆಯಾದರೆ ದರ 40 ರೂಪಾಯಿ ಜಿಗಿಯುತ್ತದೆ. ಕಾರಣ ಇಷ್ಟೇ: ಎರಡನೇ ಚೀಟಿ ಹೆಚ್ಚುಕಡಿಮೆ ಮೊದಲನೆಯದರ ಎರಡರಷ್ಟು. ನನ್ನ ಕೈಯಲ್ಲಿ ಎರಡು ಚೀಟಿ ಇದ್ದರೂ ಸುದ್ದಿ ಒಂದೇ ಚೀಟಿಯದು. ಉಳಿದ ಒಂದು ಕೆಜಿ ಬೆಲ್ಲದ ವ್ಯತ್ಯಾಸದ ಮೇಲೆ ಇಡೀ ಉತ್ತರ ನಿಂತಿತ್ತು.

ದರ ಗೊತ್ತಿದ್ದು ಮೊತ್ತ ಹುಡುಕುವುದು ನೇರ ಲೆಕ್ಕ. ಮೊತ್ತದಿಂದ ಹಿಂದಕ್ಕೆ ನಡೆದು ದರ ಹುಡುಕುವುದು ವಿಲೋಮ ಸಮಸ್ಯೆ. ಫ್ರಾನ್ಸಿನ ಗಣಿತಜ್ಞ ಹಡಮಾರ್ 1902ರಲ್ಲಿ ಒಳ್ಳೆಯ ಸಮಸ್ಯೆಯ ಲಕ್ಷಣ ಹೇಳಿದ: ಉತ್ತರ ಇರಬೇಕು, ಒಂದೇ ಇರಬೇಕು, ಮಾಹಿತಿ ಕೊಂಚ ಬದಲಾದರೆ ಉತ್ತರವೂ ಕೊಂಚವೇ ಬದಲಾಗಬೇಕು. ಇದರಲ್ಲಿ ಯಾವುದೊಂದು ತಪ್ಪಿದರೂ ಅದು 'ಇಲ್-ಪೋಸ್ಡ್'. ನನ್ನ ಚೀಟಿಗಳು ಕಟ್ಟುನಿಟ್ಟಾಗಿ ನೋಡಿದರೆ ಆ ಜಾತಿಯಲ್ಲ, ಅದರ ಚಿಕ್ಕ ತಮ್ಮ. ಆದರೆ ಕಾಯಿಲೆ ಒಂದೇ, ಔಷಧಿಯೂ ಒಂದೇ.

ಔಷಧಿಯ ಹೆಸರು ರೆಗ್ಯುಲರೈಸೇಶನ್. ನಾನು ಕಡಿವಾಣ ಎನ್ನುತ್ತೇನೆ. ರಷ್ಯಾದ ಟಿಖೊನೊವ್ 1963ರಲ್ಲಿ ಇದನ್ನು ಕ್ರಮಬದ್ಧವಾಗಿ ಮಂಡಿಸಿದ. ಹಿಂದಿನ ತಿಂಗಳ ದರ ನಮಗೆ ಗೊತ್ತಿತ್ತು: ಬೆಲ್ಲ 48, ಸಕ್ಕರೆ 42. ಈಗ ಉತ್ತರಕ್ಕೆ ಎರಡು ದಂಡ ಹಾಕಬೇಕು. ಚೀಟಿಯ ಮೊತ್ತಕ್ಕೆ ಹೊಂದದಿದ್ದರೆ ಆ ವ್ಯತ್ಯಾಸದ ವರ್ಗದಷ್ಟು ಒಂದು ದಂಡ. ಹಳೆಯ ದರದಿಂದ ದೂರ ಹೋದರೆ ಆ ದೂರದ ವರ್ಗವನ್ನು ಲ್ಯಾಮ್ಡಾ ಎಂಬ ಸಂಖ್ಯೆಯಿಂದ ಗುಣಿಸಿ ಇನ್ನೊಂದು. ಒಟ್ಟು ದಂಡ ಯಾವುದಕ್ಕೆ ಅತಿ ಕಡಿಮೆಯೋ ಅದೇ ಉತ್ತರ.

ಲ್ಯಾಮ್ಡಾ 0 ಎಂದರೆ ಕಡಿವಾಣವೇ ಇಲ್ಲ, ಮತ್ತೆ 90 ಮತ್ತು 0. ಲ್ಯಾಮ್ಡಾ 1 ಇಟ್ಟರೆ ಬೆಲ್ಲ 52.45, ಸಕ್ಕರೆ 39.06. 10 ಇಟ್ಟರೆ 49.23 ಮತ್ತು 42.40. 10,000 ಇಟ್ಟರೆ 48.08 ಮತ್ತು 42.08, ಅಂದರೆ ಹಳೆಯ ದರವನ್ನೇ ಒಪ್ಪಿಸಿದಂತೆ. ಚೀಟಿ ಓದಿದ್ದೇ ದಂಡ. ಎಷ್ಟು ಇಡಬೇಕು ಎಂಬುದೇ ಇಲ್ಲಿನ ಕಷ್ಟ. ಚೀಟಿಯಲ್ಲಿ ಎಷ್ಟು ತಪ್ಪಿರಬಹುದು ಎಂದು ಅಂದಾಜಿದ್ದರೆ, ಉತ್ತರವೂ ಚೀಟಿಯಿಂದ ಅಷ್ಟೇ ದೂರ ಇರುವಂತೆ ಲ್ಯಾಮ್ಡಾ ಆರಿಸುವುದು ಒಂದು ದಾರಿ.

ಕಾಮರ್ಸ್‌ನವರಿಗೆ ಇದು ಮುಜುಗರದ ವಿಷಯ. 10ರ ಉತ್ತರದಲ್ಲಿ ಮೊತ್ತಗಳು 916 ಮತ್ತು 1,882 ಆಗುತ್ತವೆ, ಯಾವ ಚೀಟಿಗೂ ತಾಳೆ ಇಲ್ಲ. ಟ್ರಯಲ್ ಬ್ಯಾಲೆನ್ಸ್ ಹೀಗೆ ಬಂದರೆ ನಮ್ಮ ಸರ್ ಬಿಡುತ್ತಾರೆಯೇ? ಆದರೆ ಪೈಸೆಪೈಸೆಗೂ ತಾಳೆಯಾದ ಉತ್ತರವೇ ನನ್ನ ಬಾಯಲ್ಲಿ 'ಮೋಸ' ಎನ್ನಿಸಿತ್ತು.

ಸಿ.ಟಿ. ಸ್ಕ್ಯಾನ್ ಕೂಡ ಇಂಥದ್ದೇ. ದೇಹದ ಮೂಲಕ ಹಾದುಬಂದ ಎಕ್ಸ್‌ರೇ ಎಷ್ಟು ಕಡಿಮೆಯಾಯಿತು ಎಂಬ ಮೊತ್ತಗಳಿಂದ ಒಳಗಿನ ಒಂದೊಂದು ಬಿಂದುವನ್ನು ಹುಡುಕುವುದು. ಕಡಿವಾಣ ಇಲ್ಲದಿದ್ದರೆ ಚಿತ್ರದ ತುಂಬ ಚುಕ್ಕೆಚುಕ್ಕೆ. ಅತಿಯಾದರೆ ಚಿತ್ರ ನುಣುಪಾಗಿ, ಕಾಣಬೇಕಾದ ಸಣ್ಣ ಗಂಟೂ ಅಳಿಸಿಹೋಗುತ್ತದೆ.

ನಮ್ಮ ಊರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಕೆಆರ್‌ಎಸ್ ಸುತ್ತಮುತ್ತ ಭಾರಿ ಸದ್ದು ಕೇಳಿತ್ತು. ಕಂಪನ ಮಾಪಕದಲ್ಲೂ ದಾಖಲಾಯಿತು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಳ ಚರ್ಚೆ ಜೋರಾಯಿತು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ನೆಲ ನಡುಗಿದ್ದು ಎಲ್ಲಿಂದ ಎಂದು ಮಾಪಕಗಳಿಗೆ ಅಲೆ ತಲುಪಿದ ಸಮಯದಿಂದ ಹುಡುಕುವುದೂ ವಿಲೋಮ ಸಮಸ್ಯೆಯೇ. ಮಾಪಕಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ ಅವು ನನ್ನ ಎರಡು ಚೀಟಿಗಳಂತೆ; ಕ್ಷಣದ ಸಣ್ಣ ತಪ್ಪಿಗೆ ಜಾಗ ಕಿಲೋಮೀಟರುಗಟ್ಟಲೆ ಸರಿಯುತ್ತದೆ. ಅಲ್ಲಿ 'ಇದು ಗಣಿಯೇ ಇರಬೇಕು' ಎಂಬ ಊಹೆಗೆ ದೊಡ್ಡ ಲ್ಯಾಮ್ಡಾ ಕೊಟ್ಟರೆ ಉತ್ತರ ಗಣಿಗೇ ಹೋಗಿ ನಿಲ್ಲುತ್ತದೆ. 'ಗಣಿ ಅಲ್ಲವೇ ಅಲ್ಲ' ಎಂಬ ಊಹೆಗೆ ಕೊಟ್ಟರೂ ಅಷ್ಟೇ. ಸುತ್ತಲೂ ಮಾಪಕಗಳಿದ್ದರೆ ಊಹೆಯ ಮೇಲೆ ಅಷ್ಟು ಭಾರ ಹಾಕಬೇಕಾಗಿಲ್ಲ.

ಇದನ್ನು ನಾನು ಪುಸ್ತಕ ಹುಡುಕಿ ತಿಳಿಯುವಷ್ಟರಲ್ಲಿ ಅಬ್ಬ ತಮ್ಮ ದಾರಿಯಲ್ಲಿ ಮುಗಿಸಿದ್ದರು. ಮುಂದಿನ ವಾರ ಸಕ್ಕರೆ ಬೇಡ ಎಂದು 5 ಕೆಜಿ ಬೆಲ್ಲ ಮಾತ್ರ ತರಿಸಿದರು. ಚೀಟಿ 250 ರೂಪಾಯಿ. ತಂದ ಹುಡುಗನನ್ನು ಕೂರಿಸಿ ಟೀ ಕೊಟ್ಟು ಹಳೆಯ ಚೀಟಿ ತೋರಿಸಿದರು. "920 ಆಗಿತ್ತು ಸಾಬ್, ರೌಂಡಾಗಿರಲಿ ಅಂತ 900 ಬರೆದೆ" ಎಂದ. ಅಬ್ಬ 20 ರೂಪಾಯಿಯನ್ನು ನಮ್ಮ ಲೆಕ್ಕದ ಪುಸ್ತಕದಲ್ಲಿ ಕೊಡಬೇಕಾದ ಕಡೆ ಬರೆಸಿದರು. ಬರೆದವನು ನಾನೇ.