ಹಸು ಗಬ್ಬ ನಿಲ್ತಿಲ್ವಾ? ವೀರ್ಯದ ಕೆಲಸ ಎಲ್ಲಿವರೆಗೆ ಅಂತ ತಿಳ್ಕೊಳ್ಳಿ

ಹೋದ ವರ್ಷ ನಮ್ಮ ಎಚ್‌ಎಫ್ ಮಿಶ್ರತಳಿ ಹಸುಗೆ ಮೂರು ಸಲ ಇಂಜೆಕ್ಷನ್ ಮಾಡ್ಸಿದ್ರೂ ಗಬ್ಬ ನಿಲ್ಲಲಿಲ್ಲ. ಒಂದು ಬೆದೆ ತಪ್ಪಿದ್ರೆ 21 ದಿನ ಹೋದ ಹಾಗೇನೇ. ಮೇವು, ಹಿಂಡಿ ಖರ್ಚಂತೂ ನಿಲ್ಲಲ್ಲ. ಊರ ಹಿರಿಯರದು ಒಂದೇ ಮಾತು: "ಆ ಕಡ್ಡೀಲಿ ಏನಿದೆ? ಹೋರಿ ಹತ್ತಿಸು."

ಅದರಲ್ಲಿ ಅರ್ಧ ಸತ್ಯ ಇದೆ. ವೀರ್ಯ ಅಂದ್ರೆ ಬರೀ ವೀರ್ಯಾಣು ಅಲ್ಲ, ಜೊತೆಗಿರೋ ದ್ರವವೂ ಹೆಣ್ಣಿನ ದೇಹಕ್ಕೆ ಸುದ್ದಿ ಮುಟ್ಟಿಸುತ್ತೆ. ಹಂದಿಯಲ್ಲಿ ವೀರ್ಯ ಬಿದ್ದ ಕೆಲವೇ ಗಂಟೆಯಲ್ಲಿ ಗರ್ಭಕೋಶಕ್ಕೆ ಬಿಳಿ ರಕ್ತಕಣಗಳು ನುಗ್ಗಿ ಬಂದು, ಮಿಕ್ಕ ವೀರ್ಯಾಣು, ಕೊಳೆ ಎಲ್ಲ ಗುಡಿಸಿ ಹಾಕ್ತವೆ. ಒಂಟೆ ಮತ್ತು ಅದರ ದಕ್ಷಿಣ ಅಮೆರಿಕದ ನೆಂಟ ಲಾಮಾದ್ದು ಇನ್ನೂ ಸೋಜಿಗ. ಇವಕ್ಕೆ ಅಂಡಾಣು ತಾನಾಗೇ ಬಿಡುಗಡೆ ಆಗಲ್ಲ, ಗಂಡು ಕೂಡಬೇಕು. ಆದರೆ ಲಾಮಾ ವೀರ್ಯದ ದ್ರವವನ್ನ ಹೆಣ್ಣಿನ ಮಾಂಸಖಂಡಕ್ಕೆ ಸೂಜಿಯಲ್ಲಿ ಕೊಟ್ಟರೂ ಅಂಡಾಣು ಬಿಡುಗಡೆಯಾಗುತ್ತೆ! ಈ ಕೆಲಸ ಮಾಡೋದು ನರಗಳ ಬೆಳವಣಿಗೆಗೆ ಬೇಕಾದ ಒಂದು ಪ್ರೋಟೀನ್ ಅಂತ 2012ರಲ್ಲಿ ಕೆನಡಾದ ಸಸ್ಕಾಚವಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡ ಗುರುತಿಸಿತು.

ಹಸುವಿಗೆ ಆ ಸೂಚನೆ ಬೇಕಿಲ್ಲ. ಹೋರಿ ಹತ್ತಲಿ ಬಿಡಲಿ, ಬೆದೆ ಮುಗಿದ ಸುಮಾರು 10–12 ಗಂಟೆಗೆ ಅಂಡಾಣು ಹೊರಗೆ ಬರುತ್ತೆ. ನಮ್ಮ 0.25 ಮಿಲಿಲೀಟರ್ ಕಡ್ಡಿಯಲ್ಲಿ ಹೋರಿಯ ದ್ರವ ತೀರಾ ಕಮ್ಮಿ; ಮೊಟ್ಟೆಯ ಹಳದಿ, ಗ್ಲಿಸರಾಲ್ ಥರದ್ದು ಸೇರಿಸಿ ತೆಳು ಮಾಡಿರ್ತಾರೆ. ಆದ್ರೂ ಲಕ್ಷಾಂತರ ಹಸುಗಳು ಅದರಿಂದಲೇ ಗಬ್ಬ ಆಗ್ತಿವೆ. ಹೋರಿ ಹತ್ತಿಸಿದ್ರೆ ಕಂದು ಹಾಕಿಸುವ ಬ್ರುಸೆಲ್ಲಾ ಥರದ ಸೋಂಕು ವೀರ್ಯದ ಜೊತೆಗೇ ಬರಬಹುದು, ಅದನ್ನ ಯಾರೂ ಹೇಳಲ್ಲ.

ತಪ್ಪು ನಂದೇ. ಬೆಳಿಗ್ಗೆ ಹಾಲು ಕರೆಯುವಾಗ ಲೋಳೆ ಕಂಡ್ರೂ "ನಾಳೆ ಹೇಳೋಣ" ಅಂತಿದ್ದೆ. ಇಂಜೆಕ್ಷನ್ ಆಗೋದು ಮಾರನೇ ದಿನ ಸಂಜೆ. ಅಷ್ಟರಲ್ಲಿ ಅಂಡಾಣು ಬಂದು ಹೋಗಿರುತ್ತೆ, ಅದು ಬಾಳೋದೇ ಕೆಲವು ಗಂಟೆ. ವೀರ್ಯಾಣುವಿಗೂ ಒಳಗೆ ಹೋಗಿ ಸಜ್ಜಾಗೋಕೆ ಹೊತ್ತು ಬೇಕು. ಅದಕ್ಕೇ ಬೆಳಿಗ್ಗೆ ಬೆದೆ ಕಂಡ್ರೆ ಸಂಜೆ, ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ ಮಾಡ್ಸಿ. ಬೇರೆ ಹಸು ಮೇಲೆ ಹತ್ತಿದಾಗ ನಿಮ್ಮದು ಅಲುಗಾಡದೆ ನಿಂತಿತಾ? ಆ ಟೈಮನ್ನ ಮೊಬೈಲ್‌ನಲ್ಲಿ ಬರ್ಕೊಳ್ಳಿ. ಲೋಳೆ ಗಾಜಿನ ಹಾಗೆ ತಿಳಿಯಾಗಿರಬೇಕು. ಕೀವಿನಂತಿದ್ರೆ ಮೊದಲು ಪಶುವೈದ್ಯರಿಗೆ ತೋರಿಸಿ.

ನಾಲ್ಕನೇ ಬೆದೆ ಬೆಳಿಗ್ಗೆ 6ಕ್ಕೆ ಕಂಡಿತು, ಅವತ್ತೇ ಸಂಜೆ ಮಾಡ್ಸಿದೆ. ಮೂರು ತಿಂಗಳಿಗೆ ಡಾಕ್ಟ್ರು ಕೈ ಹಾಕಿ ನೋಡಿ "ನಿಂತಿದೆ" ಅಂದ್ರು. ಹಾಂ, ಗಬ್ಬದ ಹಸುವೂ ಒಮ್ಮೊಮ್ಮೆ ಬೆದೆ ತೋರಿಸುತ್ತೆ. ಪರೀಕ್ಷೆ ಮಾಡಿಸದೆ ಮತ್ತೆ ಕಡ್ಡಿ ಹಾಕ್ಸಬೇಡಿ, ಕಂದು ಹಾಕೀತು.